ಫಾಸ್ಟರ್ ಪ್ರಕರಣ: ಜ್ಯೂರಿ ಆಯ್ಕೆಯಲ್ಲಿ ಬಣ್ಣ ಕೆಲಸ ಮಾಡಿದ ಬಗೆ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ರೋಮ್ ಎಂಬ ಊರಿದೆ. 1986ರ ಆಗಸ್ಟ್‌ನಲ್ಲಿ ಅಲ್ಲಿ 79 ವರ್ಷದ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಮನೆಯಲ್ಲೇ ಕೊಲೆಯಾದರು. ಆರೋಪಿ ತಿಮೋತಿ ಫಾಸ್ಟರ್ ಕಪ್ಪುವರ್ಣೀಯ, ಇನ್ನೂ ಹದಿಹರೆಯ ದಾಟದವನು. ಸತ್ತವರು ಬಿಳಿಯರು. ಫಾಸ್ಟರ್ ತಪ್ಪೊಪ್ಪಿಕೊಂಡಿದ್ದ. ಕಳುವಾದ ಸಾಮಾನು ಅವನ ಮನೆಯಲ್ಲೂ ಅವನ ಅಕ್ಕತಂಗಿಯರ ಬಳಿಯೂ ಸಿಕ್ಕಿತ್ತು. 1987ರಲ್ಲಿ ಹನ್ನೆರಡು ಮಂದಿ ಬಿಳಿಯರ ಜ್ಯೂರಿ (ತೀರ್ಪು ಹೇಳಲು ಆರಿಸಿದ ಸಾಮಾನ್ಯ ನಾಗರಿಕರ ತಂಡ) ಅವನನ್ನು ಅಪರಾಧಿ ಎಂದು ಹೇಳಿ ಮರಣದಂಡನೆ ಕೊಟ್ಟಿತು. 2016ರ ಮೇ 23ರಂದು ಅಮೆರಿಕದ ಸುಪ್ರೀಂ ಕೋರ್ಟ್ 7-1 ಬಹುಮತದಿಂದ ಆ ತೀರ್ಪನ್ನು ತಳ್ಳಿಹಾಕಿತು.

ಕೊಲೆ ಮಾಡಿದ್ದು ಅವನೇ ಹೌದೋ ಅಲ್ಲವೋ ಎಂಬುದು ಸುಪ್ರೀಂ ಕೋರ್ಟಿನ ಮುಂದೆ ಚರ್ಚೆಗೇ ಬರಲಿಲ್ಲ. ಆ ಹನ್ನೆರಡು ಜನರನ್ನು ಆರಿಸಿದ್ದು ಹೇಗೆ ಎಂಬ ಒಂದೇ ಪ್ರಶ್ನೆಯ ಮೇಲೆ ಇಡೀ ಪ್ರಕರಣ ನಿಂತಿತ್ತು. ಜ್ಯೂರಿ ಆಯ್ಕೆಯಲ್ಲಿನ ತಾರತಮ್ಯದ ಬಗ್ಗೆ ನೂರಾರು ತೀರ್ಪುಗಳಿವೆ. ಆದರೆ ಸರ್ಕಾರಿ ವಕೀಲರ ಕಚೇರಿಯ ಒಳಗಿನ ಕಡತವೇ ಸಾಕ್ಷಿಯಾಗಿ ಸಿಕ್ಕ ಪ್ರಕರಣಗಳು ತೀರಾ ವಿರಳ. ಫಾಸ್ಟರ್ ಪ್ರಕರಣವನ್ನು ಕೂಲಂಕಷವಾಗಿ ನೋಡಬೇಕಾದದ್ದು ಅದಕ್ಕೇ.

ಹನ್ನೆರಡು ಜನ ಕೂತದ್ದು ಹೇಗೆ

ಭಾರತದಲ್ಲಿ ಜ್ಯೂರಿ ಪದ್ಧತಿ ಹೋಗಿ ಅರ್ಧ ಶತಮಾನವಾಯಿತು. ಹಾಗಾಗಿ ಈ ಲೆಕ್ಕಾಚಾರ ನಮ್ಮಲ್ಲಿ ಬಹಳ ಜನರಿಗೆ ಹೊಸದು. ಊರಿನ ನಾಗರಿಕರ ಪಟ್ಟಿಯಿಂದ ಒಂದಷ್ಟು ಜನರಿಗೆ ಕೋರ್ಟಿನಿಂದ ಸಮನ್ಸ್ ಹೋಗುತ್ತದೆ. ಅವರು ಬಂದು ಉದ್ದನೆಯ ಪ್ರಶ್ನಾವಳಿ ತುಂಬುತ್ತಾರೆ. ಆಮೇಲೆ ನ್ಯಾಯಾಧೀಶರು ಮತ್ತು ಎರಡೂ ಕಡೆಯ ವಕೀಲರು ಅವರನ್ನು ಪ್ರಶ್ನಿಸುತ್ತಾರೆ. ಫಾಸ್ಟರ್ ವಿಚಾರಣೆಯಲ್ಲಿ ಸುಮಾರು 90 ಜನರನ್ನು ಹೀಗೆ ಒಬ್ಬೊಬ್ಬರನ್ನಾಗಿ ಪ್ರಶ್ನಿಸಿದರು.

ಅಭ್ಯರ್ಥಿಗಳನ್ನು ಕೈಬಿಡಲು ಎರಡು ದಾರಿಗಳಿವೆ. ಮೊದಲನೆಯದು ಕಾರಣ ಕೊಟ್ಟು ಕೈಬಿಡುವುದು: ಆರೋಪಿಯ ನೆಂಟ, ಆಗಲೇ ಅಭಿಪ್ರಾಯ ಕಟ್ಟಿಕೊಂಡವನು, ಏನೇ ಆದರೂ ಮರಣದಂಡನೆ ಕೊಡಲಾರೆ ಎನ್ನುವವನು ಇತ್ಯಾದಿ. ಇದಕ್ಕೆ ನ್ಯಾಯಾಧೀಶರ ಒಪ್ಪಿಗೆ ಬೇಕು, ಎಷ್ಟು ಜನರನ್ನು ಬಿಡಬಹುದು ಎಂಬ ಮಿತಿಯಿಲ್ಲ. ಎರಡನೆಯದು ಪೆರೆಂಪ್ಟರಿ ಸ್ಟ್ರೈಕ್. ಯಾಕೆ ಬೇಡ ಎಂದು ಹೇಳುವ ಹಂಗೇ ಇಲ್ಲದೆ, ಇಷ್ಟು ಜನ ಎಂಬ ಮಿತಿಯೊಳಗೆ, ವಕೀಲರು ಯಾರನ್ನು ಬೇಕಾದರೂ ಹೊರಗೆ ಕಳಿಸಬಹುದು. ಮುಖ ಹಿಡಿಸಲಿಲ್ಲ ಎಂಬ ಒಂದೇ ಕಾರಣಕ್ಕೂ ಕಳಿಸಬಹುದು.

ಅಂದಿನ ಜಾರ್ಜಿಯಾ ಕಾನೂನಿನಂತೆ ಪ್ರಾಸಿಕ್ಯೂಷನ್‌ಗೆ, ಅಂದರೆ ಸರ್ಕಾರಿ ವಕೀಲರ ಕಡೆಗೆ, 10 ಸ್ಟ್ರೈಕ್, ಆರೋಪಿಗೆ 20. ಮೊದಲ ಹಂತ ಮುಗಿದಾಗ 42 ಜನ ಅರ್ಹರಾಗಿ ಉಳಿದರು. 10, 20, 12 ಕೂಡಿದರೆ 42. ಎರಡೂ ಕಡೆಯವರು ತಮ್ಮ ಪಾಲನ್ನು ಪೂರಾ ಬಳಸಿದರೂ ಹನ್ನೆರಡು ಜನ ಮಿಗುತ್ತಾರೆ. ಈ 42ರಲ್ಲಿ ಕಪ್ಪುವರ್ಣೀಯರು ಐವರು.

ಎರಡನೇ ಹಂತದಲ್ಲಿ ಕೋರ್ಟಿನ ಗುಮಾಸ್ತರು ಒಂದೊಂದೇ ಹೆಸರು ಕೂಗುತ್ತಾರೆ. ಮೊದಲ ಸರದಿ ಪ್ರಾಸಿಕ್ಯೂಷನ್‌ದು. ಅವರು ಬಿಟ್ಟರೆ ಆರೋಪಿಯ ವಕೀಲರ ಸರದಿ. ಇಬ್ಬರೂ ಬೇಡ ಎನ್ನದಿದ್ದರೆ ಆ ವ್ಯಕ್ತಿ ಜ್ಯೂರಿಗೆ ಸೇರಿದಂತೆ. ಆ ದಿನ ಬೆಳಿಗ್ಗೆ, ಈ ಹಂತ ಶುರುವಾಗುವ ಹೊತ್ತಿಗೆ, ಐವರಲ್ಲಿ ಒಬ್ಬರು ತಮ್ಮ ಆಪ್ತ ಸ್ನೇಹಿತರೊಬ್ಬರು ಫಾಸ್ಟರ್‌ಗೆ ಸಂಬಂಧಿ ಎಂದು ಈಗಷ್ಟೇ ಗೊತ್ತಾಯಿತು ಎಂದರು. ನ್ಯಾಯಾಧೀಶರು ಅವರನ್ನು ಕಾರಣದ ಮೇಲೆ ಬಿಟ್ಟರು. ಉಳಿದದ್ದು ನಾಲ್ವರು. ಪ್ರಾಸಿಕ್ಯೂಷನ್ ತನ್ನ ಹತ್ತರಲ್ಲಿ ಒಂಬತ್ತು ಸ್ಟ್ರೈಕ್ ಬಳಸಿತು. ಆ ಒಂಬತ್ತರಲ್ಲಿ ಆ ನಾಲ್ವರೂ ಹೋದರು. ಹತ್ತನೆಯ ಸ್ಟ್ರೈಕ್ ಬಳಕೆಯಾಗದೆ ಉಳಿಯಿತು. ಈ ಸಂಖ್ಯೆ ಮುಂದೆ ಕೆಲಸಕ್ಕೆ ಬರುತ್ತದೆ.

ಬ್ಯಾಟ್ಸನ್ ನಿಯಮದ ಮೂರು ಮೆಟ್ಟಿಲು

ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿ (1868) ಯಾವ ರಾಜ್ಯವೂ ಯಾರಿಗೂ ಕಾನೂನಿನ ಸಮಾನ ರಕ್ಷಣೆಯನ್ನು ನಿರಾಕರಿಸಬಾರದು ಎನ್ನುತ್ತದೆ. ನಮ್ಮ ಸಂವಿಧಾನದ 14ನೇ ವಿಧಿಯ ಎರಡನೇ ಭಾಗದ ಮಾತು ಬಂದದ್ದು ಅಲ್ಲಿಂದಲೇ. ಸಂಖ್ಯೆಯೂ ಒಂದೇ ಆಗಿರುವುದು ಕಾಕತಾಳೀಯ. ಬಿಳಿಯ ಗಂಡಸರು ಮಾತ್ರ ಜ್ಯೂರಿಯಲ್ಲಿ ಕೂರಬಹುದು ಎಂಬ ವೆಸ್ಟ್ ವರ್ಜೀನಿಯಾದ ಕಾನೂನನ್ನು ಸುಪ್ರೀಂ ಕೋರ್ಟ್ 1880ರಲ್ಲೇ, ಸ್ಟ್ರಾಡರ್ ಪ್ರಕರಣದಲ್ಲಿ, ರದ್ದು ಮಾಡಿತ್ತು. ಕಾನೂನಿನ ಪುಸ್ತಕದಿಂದ ಹೋದ ತಾರತಮ್ಯ ಪೆರೆಂಪ್ಟರಿ ಸ್ಟ್ರೈಕ್‌ನ ಹಿತ್ತಲ ಬಾಗಿಲಿನಿಂದ ಒಳಗೆ ಬಂತು. ಕಾರಣ ಹೇಳಬೇಕಿಲ್ಲದ ಹಕ್ಕಿಗಿಂತ ಅನುಕೂಲವಾದ ಸಾಧನ ಇನ್ನೊಂದಿರಲಿಲ್ಲ. 1965ರ ಸ್ವೇನ್ ಪ್ರಕರಣದಲ್ಲಿ ಕೋರ್ಟ್ ಇದನ್ನು ಪ್ರಶ್ನಿಸಲು ಅವಕಾಶವನ್ನೇನೋ ಕೊಟ್ಟಿತು. ಆದರೆ ಒಂದು ವಿಚಾರಣೆಯ ಲೆಕ್ಕ ಸಾಲದು, ಪ್ರಕರಣದ ಮೇಲೆ ಪ್ರಕರಣದಲ್ಲಿ ಹೀಗೇ ನಡೆದಿದೆ ಎಂದು ತೋರಿಸಬೇಕು ಎಂದಿತು. ಯಾವ ಜ್ಯೂರಿಯಲ್ಲಿ ಯಾವ ಬಣ್ಣದ ಎಷ್ಟು ಜನ ಕೂತಿದ್ದರು ಎಂಬ ದಾಖಲೆಯೇ ಹೆಚ್ಚಿನ ಕಡೆ ಇಲ್ಲದಿದ್ದಾಗ ಅದನ್ನು ತೋರಿಸುವುದಾದರೂ ಹೇಗೆ?

1986ರ ಏಪ್ರಿಲ್ 30ರಂದು ಬಂದ ಬ್ಯಾಟ್ಸನ್ ತೀರ್ಪು ಈ ಹೊರೆಯನ್ನು ಇಳಿಸಿತು. ಕೆಂಟಕಿಯ ಲೂಯಿವಿಲ್‌ನಲ್ಲಿ ಪ್ರಾಸಿಕ್ಯೂಟರ್ ನಾಲ್ವರು ಕಪ್ಪುವರ್ಣೀಯ ಅಭ್ಯರ್ಥಿಗಳನ್ನೂ ಕೈಬಿಟ್ಟಿದ್ದ ಕಳ್ಳತನದ ಕೇಸು ಅದು. ಇನ್ನು ಮುಂದೆ ಒಂದೇ ವಿಚಾರಣೆಯ ಸಂಗತಿಗಳ ಮೇಲೆ ಆಕ್ಷೇಪ ಎತ್ತಬಹುದು, ಅದನ್ನು ಮೂರು ಮೆಟ್ಟಿಲಲ್ಲಿ ಪರೀಕ್ಷಿಸಬೇಕು ಎಂದು ಕೋರ್ಟ್ ಹೇಳಿತು. ಮೊದಲು, ಆಕ್ಷೇಪಿಸುವವರು ಮೇಲ್ನೋಟಕ್ಕೆ ಅನುಮಾನ ಬರುವಷ್ಟು ಸಂಗತಿ ತೋರಿಸಬೇಕು. ಬಳಿಕ, ಸ್ಟ್ರೈಕ್ ಮಾಡಿದವರು ಜನಾಂಗಕ್ಕೆ ಸಂಬಂಧಿಸದ ಕಾರಣ ಕೊಡಬೇಕು. ಕೊನೆಗೆ, ಆ ಕಾರಣ ನಿಜವೋ ನೆಪವೋ ಎಂದು ನ್ಯಾಯಾಧೀಶರು ತೀರ್ಮಾನಿಸಬೇಕು.

ಎಲ್ಲ ಕಷ್ಟ ಇರುವುದು ಮೂರನೆಯದರಲ್ಲಿ. ಎರಡನೇ ಮೆಟ್ಟಿಲು ಹತ್ತಲು ಶ್ರಮವೇ ಬೇಕಿಲ್ಲ. 1995ರ ಪರ್ಕೆಟ್ ತೀರ್ಪಿನ ನಂತರವಂತೂ ಕೊಟ್ಟ ಕಾರಣ ನಂಬುವಂತಿರಬೇಕು ಎಂಬ ಷರತ್ತೂ ಆ ಹಂತದಲ್ಲಿ ಇಲ್ಲ. ಆ ಪ್ರಕರಣದಲ್ಲಿ ಕೊಟ್ಟ ಕಾರಣ ಉದ್ದ ಕೂದಲು ಮತ್ತು ಗಡ್ಡ. ವಿಚಾರಣಾ ನ್ಯಾಯಾಧೀಶರ ಪಾಡನ್ನೂ ನೋಡಬೇಕು. ಸಣ್ಣ ಊರಿನಲ್ಲಿ ವಾರವಾರವೂ ಎದುರಿಗೆ ನಿಲ್ಲುವ ಸರ್ಕಾರಿ ವಕೀಲರಿಗೆ ‘ನೀವು ಜನಾಂಗ ನೋಡಿ ಕೈಬಿಟ್ಟಿರಿ, ಈಗ ಕೋರ್ಟಿಗೆ ಸುಳ್ಳು ಹೇಳುತ್ತಿದ್ದೀರಿ’ ಎಂದು ತೆರೆದ ಕೋರ್ಟಿನಲ್ಲಿ ಹೇಳಬೇಕು. ಬ್ಯಾಟ್ಸನ್ ನಿಯಮ ಸೋಲುವುದು ಬಹುತೇಕ ಈ ಜಾಗದಲ್ಲಿ, ಕಾನೂನಿನ ತಿಳಿವಳಿಕೆಯ ಕೊರತೆಯಿಂದಲ್ಲ. ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಇದನ್ನು ಬ್ಯಾಟ್ಸನ್ ತೀರ್ಪಿನ ದಿನವೇ ಗ್ರಹಿಸಿದ್ದರು. ಬಹುಮತದ ಜೊತೆಗೇ ನಿಂತು, ಪೆರೆಂಪ್ಟರಿ ಸ್ಟ್ರೈಕ್ ಇರುವವರೆಗೂ ಈ ರೋಗ ಹೋಗುವುದಿಲ್ಲ, ಅದನ್ನೇ ತೆಗೆದುಹಾಕಬೇಕು ಎಂದು ಪ್ರತ್ಯೇಕವಾಗಿ ಬರೆದರು.

ಫಾಸ್ಟರ್ ವಿಚಾರಣೆ ನಡೆದದ್ದು ಈ ತೀರ್ಪು ಬಂದ ಒಂದು ವರ್ಷಕ್ಕೆ. ನಿಯಮ ಹೊಸದು, ಎಲ್ಲರಿಗೂ ಗೊತ್ತಿತ್ತು.

ಕೋರ್ಟಿನಲ್ಲಿ ಕೊಟ್ಟ ಕಾರಣಗಳು

ಆರೋಪಿಯ ವಕೀಲರು ತಕ್ಷಣ ಬ್ಯಾಟ್ಸನ್ ಆಕ್ಷೇಪ ಎತ್ತಿದರು. ಪ್ರಾಸಿಕ್ಯೂಷನ್‌ನ ಮುಖ್ಯ ವಕೀಲರಾದ ಜಿಲ್ಲಾ ಅಟಾರ್ನಿ ಸ್ಟೀಫನ್ ಲೇನಿಯರ್ ಕಾರಣಗಳ ಸರಮಾಲೆಯನ್ನೇ ಕೊಟ್ಟರು. ಸುಪ್ರೀಂ ಕೋರ್ಟ್ ಕೊನೆಗೆ ನಾಲ್ವರಲ್ಲಿ ಇಬ್ಬರ ವಿಷಯವನ್ನಷ್ಟೇ ತೆಗೆದುಕೊಂಡಿತು. ಇಲ್ಲೂ ಅಷ್ಟೇ ಸಾಕು.

ಒಬ್ಬರು 34 ವರ್ಷದ ಮಹಿಳೆ. ಬಡಮಕ್ಕಳ ಶಿಕ್ಷಣ ಕಾರ್ಯಕ್ರಮವೊಂದರಲ್ಲಿ ಶಿಕ್ಷಕರ ಸಹಾಯಕಿ. ಅವರ ಬಗ್ಗೆ ಹೇಳಿದ ಕಾರಣಗಳು ಹನ್ನೊಂದು: ವಯಸ್ಸು ಚಿಕ್ಕದು, ವಿಚ್ಛೇದನವಾಗಿದೆ, ಎರಡು ಮಕ್ಕಳು, ಎರಡು ಕೆಲಸ, ಬಡಮಕ್ಕಳ ಜೊತೆ ಒಡನಾಟ, ನೆಲ ನೋಡುತ್ತಾ ಉತ್ತರಿಸಿದರು, ಚುಟುಕಾಗಿ ಉತ್ತರಿಸಿದರು, ಗಾಬರಿಯಲ್ಲಿದ್ದರು, ಕೊಲೆ ನಡೆದ ಜಾಗದ ಪರಿಚಯ ಮರೆಮಾಚಿದರು, ಸಂಬಂಧಿಯೊಬ್ಬರ ಬಂಧನದ ವಿಷಯ ಹೇಳಲಿಲ್ಲ, ಆರೋಪಿಯ ಪರ ವಕೀಲರು ಇವರನ್ನು ಮುಖ್ಯ ವಿಷಯಗಳ ಬಗ್ಗೆ ಕೇಳಲೇ ಇಲ್ಲ.

ಇನ್ನೊಬ್ಬರು ಒಬ್ಬ ತಂದೆ. ಅವರಿಗೆ ಎಂಟು ಕಾರಣ. ಮೊದಲು ಮುಂದಿಟ್ಟದ್ದು, ಅವರಿಗೆ ಆರೋಪಿಯ ವಯಸ್ಸಿನ, 18 ವರ್ಷದ ಮಗನಿದ್ದಾನೆ, ಆ ಮಗನಿಗೂ ಇಂಥದ್ದೇ ಅಪರಾಧದಲ್ಲಿ ಶಿಕ್ಷೆಯಾಗಿದೆ ಎಂಬುದು. ಮರುವಿಚಾರಣೆಯ ಅರ್ಜಿ ಬಂದಾಗ ಲೇನಿಯರ್ ವರಸೆ ಬದಲಿಸಿದರು. ನಿಜವಾದ ಕಾರಣ ಅವರು ಚರ್ಚ್ ಆಫ್ ಕ್ರೈಸ್ಟ್ ಪಂಥದವರು ಎಂಬುದು, ಆ ಪಂಥ ಮರಣದಂಡನೆಗೆ ವಿರೋಧ, ಅದೇ ಪಂಥದ ಮೂವರು ಬಿಳಿಯರೂ ಆ ಕಾರಣಕ್ಕೇ ಹೊರಹೋಗಿದ್ದಾರೆ ಎಂದರು.

ವಿಚಾರಣಾ ನ್ಯಾಯಾಲಯ ಒಪ್ಪಿತು. 1988ರಲ್ಲಿ ಜಾರ್ಜಿಯಾ ಸುಪ್ರೀಂ ಕೋರ್ಟೂ ಒಪ್ಪಿತು. ಹತ್ತೊಂಬತ್ತು ಕಾರಣಗಳಲ್ಲಿ ಒಂದಾದರೂ ಸರಿಯಿರಬೇಕಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಅನುಭವಿ ವಕೀಲರು ಇದನ್ನು ತಿರುವಿ ನೋಡುತ್ತಾರೆ. ಕಾರಣಗಳ ಪಟ್ಟಿ ಉದ್ದವಾದಷ್ಟೂ ಅದರಲ್ಲಿ ನಿಜವಾಗಿ ತಲೆಯಲ್ಲಿದ್ದ ಕಾರಣ ಇಲ್ಲದಿರುವ ಸಂಭವ ಹೆಚ್ಚು.

ಕಡತದಲ್ಲಿ ಇದ್ದದ್ದು

ಅಪೀಲು ಮುಗಿದ ಮೇಲೆ ಫಾಸ್ಟರ್ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ತನ್ನನ್ನು ಸೆರೆಯಲ್ಲಿಟ್ಟದ್ದೇ ಕಾನೂನುಬಾಹಿರ ಎನ್ನುವ ಅರ್ಜಿ, ಹಾಕಿದ. ಅವನ ಬೌದ್ಧಿಕ ಸಾಮರ್ಥ್ಯದ ಪ್ರಶ್ನೆ ನಡುವೆ ಬಂದು ಅದು ಹಲವು ವರ್ಷ ಪಕ್ಕಕ್ಕೆ ಸರಿಯಿತು. ಮತ್ತೆ ಚಾಲನೆ ಸಿಕ್ಕ ಮೇಲೆ, 2002ರಿಂದ 2006ರ ನಡುವೆ, ಅವನ ಕಡೆಯವರು ಜಾರ್ಜಿಯಾದ ಓಪನ್ ರೆಕಾರ್ಡ್ಸ್ ಕಾಯ್ದೆಯಡಿ ಅರ್ಜಿಗಳನ್ನು ಹಾಕಿದರು. ನಮ್ಮ ಮಾಹಿತಿ ಹಕ್ಕಿನಂಥದ್ದೇ ಕಾಯ್ದೆ ಅದು. 1987ರ ವಿಚಾರಣೆಯ ಪ್ರಾಸಿಕ್ಯೂಷನ್ ಕಡತದ ಪ್ರತಿಗಳು ಕೈಗೆ ಬಂದವು.

ಅದರಲ್ಲಿ ಜ್ಯೂರಿಗೆ ಕರೆದವರ ಪಟ್ಟಿಯ ನಾಲ್ಕು ಪ್ರತಿಗಳಿದ್ದವು. ನಾಲ್ಕರಲ್ಲೂ ಕಪ್ಪುವರ್ಣೀಯರ ಹೆಸರಿನ ಮೇಲೆ ಹೊಳೆಯುವ ಹಸಿರು ಹೈಲೈಟರ್ ಎಳೆಯಲಾಗಿತ್ತು. ಓದುವವರಿಗೆ ಗೊಂದಲವಾಗದಿರಲಿ ಎಂದು ಬಲ ಮೂಲೆಯಲ್ಲಿ ವಿವರಣೆ ಬೇರೆ: ಹಸಿರು ಎಂದರೆ ಕಪ್ಪುವರ್ಣೀಯರು. ಹೆಸರಿನ ಪಕ್ಕದಲ್ಲಿ ‘ಬಿ’ ಅಕ್ಷರ, ಅಂದರೆ ಬ್ಲ್ಯಾಕ್. ಈ ಪಟ್ಟಿ ಕಚೇರಿಯಲ್ಲಿ ಕೈಯಿಂದ ಕೈಗೆ ಹೋಗಿತ್ತು. ಸಿಬ್ಬಂದಿ ತಮಗೆ ಗೊತ್ತಿರುವ ಸಂಗತಿ ಹೇಳಲಿ ಎಂಬ ಉದ್ದೇಶಕ್ಕೆ. ಐವರ ಪ್ರಶ್ನಾವಳಿಗಳಲ್ಲಿ ಜನಾಂಗ ಯಾವುದು ಎಂಬ ಉತ್ತರದ ಸುತ್ತ ವೃತ್ತ ಎಳೆದಿತ್ತು. ಮೂವರ ಬಗ್ಗೆ ಕೈಬರಹದ ಟಿಪ್ಪಣಿಗಳಲ್ಲಿ ಹೆಸರಿನ ಜೊತೆಗೆ ‘ಬಿ#1’, ‘ಬಿ#2’, ‘ಬಿ#3’ ಎಂಬ ಗುರುತು. ಟೈಪ್ ಮಾಡಿದ ಅರ್ಹರ ಪಟ್ಟಿಯಲ್ಲಿ ಹತ್ತು ಹೆಸರುಗಳ ಪಕ್ಕ ‘ಎನ್’, ಅಂದರೆ ಬೇಡ. ಐವರು ಕಪ್ಪುವರ್ಣೀಯರೂ ಆ ಹತ್ತರೊಳಗೆ.

ಇನ್ನೊಂದು ಹಾಳೆಯ ತಲೆಬರಹ, ‘ಖಂಡಿತ ಬೇಡ’ ಎಂಬರ್ಥದ ಮಾತು. ಕೆಳಗೆ ಆರು ಹೆಸರು. ಮೊದಲ ಐದೂ ಆ ಐವರು ಕಪ್ಪುವರ್ಣೀಯರವೇ. ಆರನೆಯವರು ಬಿಳಿಯ ಮಹಿಳೆ. ತಾನು ಎಂಥ ಸಂದರ್ಭದಲ್ಲೂ ಮರಣದಂಡನೆಗೆ ಮತ ಹಾಕುವುದಿಲ್ಲ ಎಂದು ಪ್ರಶ್ನೋತ್ತರದಲ್ಲೇ ಸ್ಪಷ್ಟವಾಗಿ ಹೇಳಿದ್ದರು. ಅಷ್ಟು ಖಡಾಖಂಡಿತವಾಗಿ ಬೇಡವಾದವರೂ ಐವರು ಕಪ್ಪುವರ್ಣೀಯರ ನಂತರವೇ.

ಚರ್ಚ್ ಆಫ್ ಕ್ರೈಸ್ಟ್ ಬಗ್ಗೆಯೂ ಒಂದು ಹಾಳೆ ಇತ್ತು. ಆ ಪಂಥ ಮರಣದಂಡನೆಯ ಬಗ್ಗೆ ಯಾವ ನಿಲುವನ್ನೂ ತಳೆಯುವುದಿಲ್ಲ, ಅದನ್ನು ಸದಸ್ಯರಿಗೇ ಬಿಟ್ಟಿದೆ ಎಂದು ಅದರಲ್ಲೇ ಬರೆದಿತ್ತು. ಲೇನಿಯರ್ ಕೋರ್ಟಿಗೆ ಹೇಳಿದ್ದಕ್ಕೆ ಇದು ನೇರ ವಿರುದ್ಧ. ಕೆಳಗೆ, ಬೇಡ, ಕಪ್ಪುವರ್ಣೀಯರ ಚರ್ಚ್ ಬೇಡ ಎಂಬ ಅರ್ಥದ ಸಾಲು.

ಇಷ್ಟೆಲ್ಲದರ ನಡುವೆ ಹೆಚ್ಚು ಬೆಲೆಬಾಳುವ ಕಾಗದ ಪ್ರಾಸಿಕ್ಯೂಷನ್ ಕಚೇರಿಯ ತನಿಖಾಧಿಕಾರಿಯ ಅಫಿಡವಿಟ್‌ನ ಕರಡು. ಕಪ್ಪುವರ್ಣೀಯರಲ್ಲಿ ಒಬ್ಬರನ್ನು ಇಟ್ಟುಕೊಳ್ಳಲೇಬೇಕಾದ ಪರಿಸ್ಥಿತಿ ಬಂದರೆ ಇಂಥವರು ಪರವಾಗಿಲ್ಲ ಎಂದು ಆತ ಅವರನ್ನು ಪರಸ್ಪರ ಹೋಲಿಸಿ ಬರೆದಿದ್ದ. ಯಾರೋ ಆ ಭಾಗವನ್ನು ಪೆನ್ನಿನಿಂದ ಹೊಡೆದುಹಾಕಿದ್ದರು. ಕೋರ್ಟಿಗೆ ಸಲ್ಲಿಸಿದ ಪ್ರತಿಯಲ್ಲಿ ಅದು ಇಲ್ಲ. ಬರೆದ ಸಾಲು ಒಂದು ವಿಷಯ ಹೇಳಿದರೆ, ಹೊಡೆದುಹಾಕಿದ್ದು ಇನ್ನೊಂದು ಹೇಳುತ್ತದೆ: ಕೋರ್ಟಿಗೆ ಇದು ಕಾಣಬಾರದು ಎಂದು ಆ ಕಚೇರಿಯಲ್ಲಿ ಯಾರಿಗೋ ಅನ್ನಿಸಿತ್ತು.

ಲೇನಿಯರ್ ಮತ್ತು ಅವರ ಜೊತೆಗಿದ್ದ ಇನ್ನೊಬ್ಬ ಪ್ರಾಸಿಕ್ಯೂಟರ್, ಇಬ್ಬರೂ, ಹಸಿರು ಗುರುತು ಹಾಕಿದ್ದು ತಾವಲ್ಲ, ಹಾಕಲು ಹೇಳಿದ್ದೂ ಇಲ್ಲ, ಅದನ್ನು ನೋಡಿ ತೀರ್ಮಾನಿಸಿದ್ದೂ ಇಲ್ಲ ಎಂದು ಅಫಿಡವಿಟ್ ಕೊಟ್ಟರು. ಕಟಕಟೆಗೆ ಬಂದು ಪಾಟಿ ಸವಾಲು ಎದುರಿಸಲಿಲ್ಲ. 2013ರಲ್ಲಿ ಹೇಬಿಯಸ್ ನ್ಯಾಯಾಲಯ ಅರ್ಜಿ ತಿರಸ್ಕರಿಸಿತು. ಜಾರ್ಜಿಯಾ ಸುಪ್ರೀಂ ಕೋರ್ಟ್ ಮೇಲ್ಮನವಿಗೆ ಅನುಮತಿಯನ್ನೇ ಕೊಡಲಿಲ್ಲ. ಕಾಗದಗಳೆಲ್ಲ ಕೈಯಲ್ಲಿದ್ದೂ ರಾಜ್ಯದ ನ್ಯಾಯಾಲಯಗಳಲ್ಲಿ ಸೋಲೇ ಆಯಿತು.

ಅಕ್ಕಪಕ್ಕ ಇಟ್ಟು ನೋಡುವ ವಿಧಾನ

2015ರ ನವೆಂಬರ್ 2ರಂದು ಸದರ್ನ್ ಸೆಂಟರ್ ಫಾರ್ ಹ್ಯೂಮನ್ ರೈಟ್ಸ್‌ನ ಸ್ಟೀಫನ್ ಬ್ರೈಟ್ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಫಾಸ್ಟರ್ ಪರ ವಾದಿಸಿದರು. ಬಹುಮತದ ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್. ಜನಾಂಗದ ವಿಷಯದಲ್ಲಿ ಅವರು ಉದಾರವಾದಿ ಎಂದು ಹೆಸರಾದವರಲ್ಲ. ಆದ್ದರಿಂದಲೇ ಈ ತೀರ್ಪಿಗೆ ತೂಕ ಜಾಸ್ತಿ. ಹಸಿರು ಗುರುತಿನ ಪಟ್ಟಿಯಿಂದ ನೇರವಾಗಿ ತೀರ್ಮಾನಕ್ಕೆ ಹಾರದೆ, ಅವರು ಕಾರಣಗಳನ್ನು ಒಂದೊಂದಾಗಿ ದಾಖಲೆಯ ಜೊತೆ ತಾಳೆ ಹಾಕುತ್ತಾ ಹೋಗುತ್ತಾರೆ.

ಆ ಮಹಿಳೆಯ ವಿಷಯದಲ್ಲಿ ಲೇನಿಯರ್ ಕೋರ್ಟಿಗೆ ಹೇಳಿದ್ದು ಹೀಗೆ: ನಮ್ಮ ಟಿಪ್ಪಣಿಯಲ್ಲಿ ಅವರು ಅನುಮಾನದ ಪಟ್ಟಿಯಲ್ಲಿದ್ದರು ಅಷ್ಟೆ. ಬೆಳಿಗ್ಗೆ ಇನ್ನೊಬ್ಬ ಕಪ್ಪುವರ್ಣೀಯ ಅಭ್ಯರ್ಥಿ ಕಾರಣದ ಮೇಲೆ ಹೊರಹೋದ ಕಾರಣ ನಮಗೊಂದು ಸ್ಟ್ರೈಕ್ ಮಿಕ್ಕಿತು. ಆಗ ಕೊನೇ ಗಳಿಗೆಯಲ್ಲಿ ಇವರನ್ನು ಕೈಬಿಟ್ಟೆವು. ಕೇಳಲು ಸಹಜವಾಗಿದೆ. ಆದರೆ ‘ಖಂಡಿತ ಬೇಡ’ ಹಾಳೆಯ ಮೊದಲ ಐದು ಹೆಸರುಗಳಲ್ಲಿ ಇವರೂ ಇದ್ದಾರೆ, ಆಗ ಹೊರಹೋದವರ ಹೆಸರೂ ಅದೇ ಹಾಳೆಯಲ್ಲಿದೆ. ಅಂದರೆ ಆ ಹಾಳೆ ಬರೆದದ್ದು ಅವರು ಹೊರಹೋಗುವ ಮುಂಚೆ. ಕೊನೇ ಗಳಿಗೆಯ ಕತೆ ಅಲ್ಲಿಗೆ ಮುಗಿಯಿತು.

ವಿಚ್ಛೇದನ? ವಿಚ್ಛೇದನವಾಗಿದ್ದ ನಾಲ್ವರು ಬಿಳಿಯ ಅಭ್ಯರ್ಥಿಗಳಲ್ಲಿ ಮೂವರನ್ನು ಪ್ರಾಸಿಕ್ಯೂಷನ್ ಕೈಬಿಡಲಿಲ್ಲ. ವಯಸ್ಸು? 36ರೊಳಗಿನ ಎಂಟು ಬಿಳಿಯರನ್ನು ಇಟ್ಟುಕೊಂಡರು. ಅವರಲ್ಲಿ ಇಬ್ಬರು ಜ್ಯೂರಿಯಲ್ಲಿ ಕೂತರು, ಒಬ್ಬರಿಗೆ 21 ವರ್ಷ. ಹತ್ತೊಂಬತ್ತು ವರ್ಷದ ಆಸುಪಾಸಿನ ಆರೋಪಿಗೆ 34ರ ಮಹಿಳೆ ವಯಸ್ಸಿನಲ್ಲಿ ಹತ್ತಿರ, 21ರವರು ದೂರ ಎಂದು ಯಾವ ಲೆಕ್ಕದಲ್ಲಿ ಹೇಳುವುದೋ! ಆರೋಪಿಯ ವಕೀಲರು ಮಾನಸಿಕ ಅಸ್ವಾಸ್ಥ್ಯ, ಮದ್ಯಪಾನ, ಪತ್ರಿಕಾ ಪ್ರಚಾರದ ಬಗ್ಗೆ ಅವರನ್ನು ಕೇಳಲಿಲ್ಲ ಎಂಬ ಕಾರಣವಂತೂ ಕೋರ್ಟ್ ಕಲಾಪದ ಪ್ರತಿಯನ್ನು ಓದಿದರೆ ಸಾಕು, ಬಿದ್ದುಹೋಗುತ್ತದೆ. ಮೂರರ ಬಗ್ಗೆಯೂ ಕೇಳಿದ್ದರು.

ಆ ತಂದೆಯ ವಿಷಯಕ್ಕೆ ಬಂದರೆ ಇನ್ನೂ ವಿಚಿತ್ರ. ಮಗನ ವಯಸ್ಸು ನಿಮ್ಮ ತೀರ್ಮಾನದ ಮೇಲೆ ಪರಿಣಾಮ ಬೀರುತ್ತದೆಯೇ ಎಂದಾಗ ಅವರು ಇಲ್ಲ ಎಂದಿದ್ದರು. ಹೆಚ್ಚುಕಡಿಮೆ ಅದೇ ವಯಸ್ಸಿನ ಮಗನಿದ್ದ ಬಿಳಿಯರೊಬ್ಬರು, ಬಹುಶಃ ಬೀರಬಹುದು ಎಂದಿದ್ದರು. ಪ್ರಾಸಿಕ್ಯೂಷನ್ ಕೈಬಿಟ್ಟದ್ದು ಇಲ್ಲ ಎಂದವರನ್ನು. ಮಗನ ‘ಇಂಥದ್ದೇ ಅಪರಾಧ’ ಏನು ಎಂದು ನೋಡಿದರೆ, ಐದು ವರ್ಷದ ಹಿಂದೆ ಮಾಲ್ ಒಂದರ ಪಾರ್ಕಿಂಗ್‌ನಲ್ಲಿ ಕಾರಿನ ಚಕ್ರದ ಹಬ್‌ಕ್ಯಾಪ್ ಕದ್ದದ್ದು. ಅದಕ್ಕೆ ಆಗಿದ್ದು ಹನ್ನೆರಡು ತಿಂಗಳ ಅಮಾನತು ಶಿಕ್ಷೆ. ಹಬ್‌ಕ್ಯಾಪ್ ಕಳ್ಳತನಕ್ಕೂ ವೃದ್ಧೆಯ ಕೊಲೆಗೂ ಹೋಲಿಕೆ! ಚರ್ಚಿನ ಕಾರಣವೂ ನಿಲ್ಲಲಿಲ್ಲ. ಆ ತಂದೆ ಮರಣದಂಡನೆ ಕೊಡಬಲ್ಲೆ ಎಂದು ಮತ್ತೆ ಮತ್ತೆ ಹೇಳಿದ್ದರು. ಪಂಥದ ಕಾರಣಕ್ಕೆ ಹೊರಹೋದರು ಎಂದಿದ್ದ ಮೂವರು ಬಿಳಿಯರು ಬೇರೆ ಬೇರೆ ಕಾರಣಕ್ಕೆ ಹೋಗಿದ್ದರು. ಒಬ್ಬರು ಐದೂವರೆ ತಿಂಗಳ ಗರ್ಭಿಣಿ ಎಂದು.

ಪ್ರಾಸಿಕ್ಯೂಷನ್ ಕೊಟ್ಟ ಸಮರ್ಥನೆ ಮೇಲ್ನೋಟಕ್ಕೆ ಸರಿಯೆನಿಸಿದರೂ ಹೆಚ್ಚಿನ ಭಾಗಕ್ಕೆ ದಾಖಲೆಯಲ್ಲಿ ಆಧಾರವೇ ಇಲ್ಲ ಎಂದರು ರಾಬರ್ಟ್ಸ್. ಹಸಿರು ಗುರುತಿಗೆ ಜಾರ್ಜಿಯಾ ಸರ್ಕಾರ ಹೊಸ ವಿವರಣೆ ಕೊಟ್ಟಿತ್ತು: ಬ್ಯಾಟ್ಸನ್ ಆಗಷ್ಟೇ ಬಂದಿತ್ತು, ಆಕ್ಷೇಪ ಬರುತ್ತದೆಂದು ಗೊತ್ತಿತ್ತು, ಉತ್ತರ ಕೊಡಲು ಸಿದ್ಧತೆಗಾಗಿ ಗುರುತು ಹಾಕಿಕೊಂಡೆವು. ಈ ವಾದ ವಿಚಾರಣೆಯಲ್ಲಿ ಬಂದಿರಲಿಲ್ಲ, ಹೇಬಿಯಸ್ ಹಂತದಲ್ಲಿ ಬಂದಿರಲಿಲ್ಲ, ಸುಪ್ರೀಂ ಕೋರ್ಟಿಗೆ ಮೊದಲು ಸಲ್ಲಿಸಿದ ಆಕ್ಷೇಪಣೆಯಲ್ಲೂ ಇರಲಿಲ್ಲ. ಸುಮಾರು ಮೂವತ್ತು ವರ್ಷದ ನಂತರ ಹೊಳೆದ ವಾದ ಎಂದು ಕೋರ್ಟ್ ಅದನ್ನು ಬದಿಗಿಟ್ಟಿತು. ಜನಾಂಗ ನೋಡಿ ಮಾಡಿದ ಎರಡು ಸ್ಟ್ರೈಕ್ ಎಂದರೆ ಸಂವಿಧಾನ ಒಪ್ಪುವುದಕ್ಕಿಂತ ಎರಡು ಹೆಚ್ಚು ಎಂಬ ಮಾತು ತೀರ್ಪಿನ ಕೊನೆಯಲ್ಲಿದೆ.

ಭಿನ್ನಮತ ಬರೆದವರು ಕ್ಲಾರೆನ್ಸ್ ಥಾಮಸ್. ಆಗ ಆ ಕೋರ್ಟಿನಲ್ಲಿದ್ದ ಏಕೈಕ ಕಪ್ಪುವರ್ಣೀಯ ನ್ಯಾಯಮೂರ್ತಿ, ಹುಟ್ಟಿದ್ದು ಜಾರ್ಜಿಯಾದಲ್ಲೇ. ಅಭ್ಯರ್ಥಿಗಳನ್ನು ಕಣ್ಣಾರೆ ಕಂಡವರು ವಿಚಾರಣಾ ನ್ಯಾಯಾಧೀಶರು, ದಶಕಗಳ ನಂತರ ಬಂದ, ಯಾರು ಬರೆದರೆಂದೇ ಗೊತ್ತಿಲ್ಲದ ಟಿಪ್ಪಣಿಗಳಿಂದ ಅವರ ತೀರ್ಮಾನವನ್ನು ಅಲ್ಲಗಳೆಯಬಾರದು ಎಂಬುದು ಅವರ ವಾದ. ಟಿಪ್ಪಣಿಗಳ ಕರ್ತೃ ಯಾರು ಎಂಬುದು ಅಸ್ಪಷ್ಟ ಎಂಬ ಭಾಗ ನಿಜವೇ. ಆದರೆ ಮೇಲಿನ ಹೋಲಿಕೆಗಳಲ್ಲಿ ಬಹುಪಾಲಿಗೆ ಟಿಪ್ಪಣಿ ಬೇಕಾಗಿಯೇ ಇಲ್ಲ ಎಂಬುದನ್ನು ಗಮನಿಸಬೇಕು. 21 ವರ್ಷದವರು ಜ್ಯೂರಿಯಲ್ಲಿ ಕೂತದ್ದು, ಹಬ್‌ಕ್ಯಾಪ್‌ನ ವಿಷಯ, ವಕೀಲರು ಕೇಳಿದ ಪ್ರಶ್ನೆಗಳು ಎಲ್ಲ 1987ರ ಕೋರ್ಟ್ ದಾಖಲೆಯಲ್ಲೇ ಇದ್ದವು. ಕೆಳಗಿನ ನ್ಯಾಯಾಲಯಗಳು ಆಗಲೇ ಅಕ್ಕಪಕ್ಕ ಇಟ್ಟು ನೋಡಬಹುದಿತ್ತು. ಹಸಿರು ಗುರುತು ಕಂಡ ಮೇಲಷ್ಟೇ ನೋಡುವ ಮನಸ್ಸು ಬಂತು. ಈ ಪ್ರಕರಣದ ಬಗ್ಗೆ ನಮ್ಮ ಮುಖ್ಯ ತಕರಾರು ಇದೇ. ಕಡತ ಸಿಕ್ಕದಿದ್ದ ಪ್ರಕರಣಗಳಲ್ಲಿ ಏನಾಗಿರಬಹುದು ಎಂಬುದನ್ನು ಇದು ಹೇಳುತ್ತದೆ.

ವಕೀಲರು ದಾಖಲೆಯಲ್ಲಿ ಉಳಿಸಬೇಕಾದದ್ದು

ಬ್ಯಾಟ್ಸನ್ ಆಕ್ಷೇಪಗಳು ಅಪೀಲಿನಲ್ಲಿ ಸೋಲುವುದು ಹೆಚ್ಚಾಗಿ ದಾಖಲೆ ಸಾಲದೆ. ಕಲಾಪದ ಪ್ರತಿಯಲ್ಲಿ ಜನರ ಬಣ್ಣ ಕಾಣುವುದಿಲ್ಲ. ಕೈಬಿಟ್ಟವರ ಮತ್ತು ಉಳಿದವರ ಜನಾಂಗವನ್ನು ವಕೀಲರೇ ಬಾಯಿಬಿಟ್ಟು ದಾಖಲಿಸಬೇಕು. ಆಕ್ಷೇಪವನ್ನು ಜ್ಯೂರಿ ಪ್ರಮಾಣವಚನ ತೆಗೆದುಕೊಳ್ಳುವ ಮೊದಲೇ ಎತ್ತಬೇಕು. ಆಮೇಲೆ ಎತ್ತಿದರೆ ಹಕ್ಕು ಬಿಟ್ಟುಕೊಟ್ಟಂತೆ. ನ್ಯಾಯಾಧೀಶರ ಮೇಜಿನ ಬಳಿ ಪಿಸುದನಿಯಲ್ಲಿ ನಡೆಯುವ ಮಾತುಕತೆಯನ್ನೂ ಸ್ಟೆನೋಗ್ರಾಫರ್ ಬರೆದುಕೊಳ್ಳುವಂತೆ ನೋಡಿಕೊಳ್ಳಬೇಕು. ಪ್ರಶ್ನಾವಳಿಗಳು, ಬಿಳಿಯರು ತುಂಬಿದವೂ ಸೇರಿ, ಎಲ್ಲವೂ ಕೋರ್ಟ್ ದಾಖಲೆಗೆ ಸೇರಬೇಕು. ಹೋಲಿಕೆಗೆ ಬೇಕಾಗುವುದು ಉಳಿದವರ ಉತ್ತರಗಳೇ ಹೊರತು ಹೋದವರದ್ದಷ್ಟೇ ಅಲ್ಲ.

ನಡವಳಿಕೆಯ ಕಾರಣಗಳು, ಅಂದರೆ ಕಣ್ಣಿಗೆ ಕಣ್ಣು ಕೊಡಲಿಲ್ಲ, ಕೈಕಟ್ಟಿ ಕೂತರು, ನಿದ್ದೆಗಣ್ಣಿನಲ್ಲಿದ್ದರು ಎಂಬಂಥವು, ಬಲು ಅಪಾಯ. ದಾಖಲೆಯಲ್ಲಿ ಇಲ್ಲದ ಕಾರಣ ಅವನ್ನು ತಾಳೆ ನೋಡಲಾಗುವುದಿಲ್ಲ. ಅಂಥ ಮಾತು ಬಂದ ಕೂಡಲೇ, ಇದನ್ನು ಕೋರ್ಟ್ ಸ್ವತಃ ಗಮನಿಸಿತೇ ಎಂದು ಕೇಳಿ ಉತ್ತರ ದಾಖಲಾಗುವಂತೆ ಮಾಡಬೇಕು.

ಪ್ರಶ್ನೆಗಳನ್ನು ಎಣಿಸುವುದು ಇನ್ನೊಂದು ಒಳ್ಳೆಯ ಉಪಾಯ. 2019ರ ಫ್ಲವರ್ಸ್ ಪ್ರಕರಣದಲ್ಲಿ ಅದೂ ಒಂದು ಮುಖ್ಯ ಆಧಾರವಾಯಿತು. ಮಿಸಿಸಿಪ್ಪಿಯಲ್ಲಿ ಕರ್ಟಿಸ್ ಫ್ಲವರ್ಸ್ ಎಂಬವರನ್ನು ಒಬ್ಬರೇ ಪ್ರಾಸಿಕ್ಯೂಟರ್ ಒಂದೇ ಕೊಲೆ ಪ್ರಕರಣದಲ್ಲಿ ಆರು ಬಾರಿ ವಿಚಾರಣೆಗೆ ಒಳಪಡಿಸಿದ್ದರು. ಮೊದಲ ನಾಲ್ಕರಲ್ಲಿ 36 ಕಪ್ಪುವರ್ಣೀಯ ಅಭ್ಯರ್ಥಿಗಳ ಮೇಲೂ ಸ್ಟ್ರೈಕ್ ಪ್ರಯೋಗಿಸಿದರು, ಆರನೆಯದರಲ್ಲಿ ಆರರಲ್ಲಿ ಐವರ ಮೇಲೆ. ಆ ಆರನೇ ವಿಚಾರಣೆಯಲ್ಲಿ ಕೈಬಿಟ್ಟ ಐವರು ಕಪ್ಪುವರ್ಣೀಯರಿಗೆ ಕೇಳಿದ ಪ್ರಶ್ನೆಗಳು ಒಟ್ಟು 145. ಜ್ಯೂರಿಯಲ್ಲಿ ಕೂತ 11 ಬಿಳಿಯರಿಗೆ ಕೇಳಿದ್ದು 12. ಕೆದಕಿದವರ ಬಳಿ ಮಾತ್ರ ಏನಾದರೂ ಸಿಗುತ್ತದೆ, ಸಿಕ್ಕಿದ್ದೇ ಕಾರಣವಾಗುತ್ತದೆ. ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿತು. 2020ರಲ್ಲಿ ಆರೋಪಗಳನ್ನೇ ಕೈಬಿಡಲಾಯಿತು.

ಆಕ್ಷೇಪ ಗೆದ್ದರೆ ಪರಿಹಾರ ಏನು ಎಂಬುದರಲ್ಲಿ ಒಂದು ವಿಶೇಷವಿದೆ. ಬೇರೆ ತಪ್ಪುಗಳಲ್ಲಿ, ಈ ತಪ್ಪಿನಿಂದ ಫಲಿತಾಂಶ ಬದಲಾಗುತ್ತಿತ್ತೇ ಎಂದು ಕೇಳುವ ಪದ್ಧತಿಯುಂಟು. ಇಲ್ಲಿ ಹಾಗೆ ಕೇಳುವುದಿಲ್ಲ. ಒಬ್ಬೇ ಒಬ್ಬ ಅಭ್ಯರ್ಥಿಯನ್ನು ಜನಾಂಗದ ಮೇಲೆ ಕೈಬಿಟ್ಟದ್ದು ಸಾಬೀತಾದರೂ ತೀರ್ಪು ಹೋಗುತ್ತದೆ, ಸಾಕ್ಷ್ಯ ಎಷ್ಟೇ ಗಟ್ಟಿಯಿರಲಿ. ತಪ್ಪೊಪ್ಪಿಕೊಂಡಿದ್ದ ಫಾಸ್ಟರ್‌ಗೂ ಅದು ಅನ್ವಯಿಸಿತು. ಗಾಯವಾಗುವುದು ಆರೋಪಿಗೆ ಮಾತ್ರವಲ್ಲ, ನಾಗರಿಕನಾಗಿ ಕರೆಸಿಕೊಂಡು ಬಣ್ಣ ನೋಡಿ ವಾಪಸ್ ಕಳಿಸಿಕೊಂಡ ವ್ಯಕ್ತಿಗೂ ಎಂಬುದು ಇದರ ಹಿಂದಿನ ತರ್ಕ. ಅದಕ್ಕೇ 1991ರಿಂದ ಬಿಳಿಯ ಆರೋಪಿಯೂ ಕಪ್ಪುವರ್ಣೀಯ ಅಭ್ಯರ್ಥಿಯ ಪರವಾಗಿ ಆಕ್ಷೇಪ ಎತ್ತಬಹುದು. 1992ರಿಂದ ಆರೋಪಿಯ ವಕೀಲರಿಗೂ ಇದೇ ನಿಯಮ. 1994ರಿಂದ ಲಿಂಗದ ಮೇಲೆ ಕೈಬಿಡುವುದಕ್ಕೂ ನಿಷೇಧ.

ಫಾಸ್ಟರ್ ನಂತರ

ಉದ್ದೇಶ ಸಾಬೀತು ಮಾಡಬೇಕು ಎಂಬ ಷರತ್ತಿರುವವರೆಗೂ ಕಡತ ಸಿಕ್ಕವರಿಗಷ್ಟೇ ನ್ಯಾಯ. ಇದನ್ನು ಕಂಡುಕೊಂಡ ಕೆಲವು ರಾಜ್ಯಗಳು ಬೇರೆ ದಾರಿ ಹಿಡಿದಿವೆ. ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ 2018ರಲ್ಲಿ ಜಿಆರ್ 37 ಎಂಬ ನಿಯಮ ತಂದಿತು. ಅದರಂತೆ ಪ್ರಾಸಿಕ್ಯೂಟರ್ ಮನಸ್ಸಿನಲ್ಲಿ ಏನಿತ್ತು ಎಂದು ಅಗೆಯಬೇಕಿಲ್ಲ. ತಾರತಮ್ಯದ ಇತಿಹಾಸ ಬಲ್ಲ ವಸ್ತುನಿಷ್ಠ ವೀಕ್ಷಕರಿಗೆ ಈ ಸ್ಟ್ರೈಕ್‌ನಲ್ಲಿ ಜನಾಂಗ ಒಂದು ಅಂಶವಾಗಿ ಕಾಣಬಹುದೇ ಎಂದಷ್ಟೇ ನೋಡಬೇಕು. ಪೊಲೀಸರ ಮೇಲೆ ಅಪನಂಬಿಕೆ, ಅಪರಾಧ ಹೆಚ್ಚಿರುವ ಬಡಾವಣೆಯ ವಾಸ, ಸರ್ಕಾರಿ ನೆರವು ಪಡೆಯುವುದು, ಇಂಗ್ಲಿಷ್ ಮಾತೃಭಾಷೆಯಲ್ಲದಿರುವುದು ಮುಂತಾದ, ಹಿಂದಿನಿಂದ ನೆಪವಾಗಿ ಬಳಕೆಯಾದ ಕಾರಣಗಳನ್ನು ಅದು ಪಟ್ಟಿ ಮಾಡಿ, ಮೊದಲ ನೋಟಕ್ಕೇ ಅಸಿಂಧು ಎನ್ನುತ್ತದೆ. ಕ್ಯಾಲಿಫೋರ್ನಿಯಾ 2020ರಲ್ಲಿ ಇದೇ ಜಾಡಿನ ಕಾನೂನು ಮಾಡಿ 2022ರಿಂದ ಕ್ರಿಮಿನಲ್ ಪ್ರಕರಣಗಳಿಗೆ ಅನ್ವಯಿಸಿತು. ಅರಿಝೋನಾ 2022ರ ಜನವರಿ 1ರಿಂದ ಪೆರೆಂಪ್ಟರಿ ಸ್ಟ್ರೈಕ್ ಅನ್ನೇ ತೆಗೆದುಹಾಕಿತು. ಮಾರ್ಷಲ್ ಕೇಳಿದ್ದೂ ಅದನ್ನೇ. ಇಂಗ್ಲೆಂಡ್ 1988ರಲ್ಲೇ, ಕೆನಡಾ 2019ರಲ್ಲಿ ಇದನ್ನು ಕೈಬಿಟ್ಟಿವೆ. ನಮ್ಮ ಅಭಿಪ್ರಾಯದಲ್ಲಿ ಅರಿಝೋನಾದ ದಾರಿಯೇ ಸರಿ. ಆದರೆ ಹಾಗೆ ಮಾಡಿದರೆ ಕಾರಣ ಕೊಟ್ಟು ಕೈಬಿಡುವ ಹಂತದಲ್ಲಿ ಪ್ರಶ್ನಿಸಲು ವಕೀಲರಿಗೆ ಹೆಚ್ಚು ಸಮಯ ಕೊಡಬೇಕು. ಇಲ್ಲದಿದ್ದರೆ ನಿಜವಾಗಿ ಪೂರ್ವಗ್ರಹ ಇರುವವರು ನುಸುಳಿಕೊಳ್ಳುತ್ತಾರೆ.

ಭಾರತಕ್ಕೆ ಈ ವಿಷಯ ಪೂರಾ ಹೊಸದಲ್ಲ. ಬ್ರಿಟಿಷ್ ಆಳ್ವಿಕೆಯಲ್ಲಿ ಇದು ಕಾನೂನಿನಲ್ಲೇ ಬರೆದಿತ್ತು. ಯುರೋಪಿಯನ್ನರನ್ನು ವಿಚಾರಿಸುವ ಅಧಿಕಾರವನ್ನು ಭಾರತೀಯ ನ್ಯಾಯಾಧೀಶರಿಗೂ ಕೊಡಹೊರಟ ಇಲ್ಬರ್ಟ್ ಮಸೂದೆಯ ಗಲಾಟೆ 1884ರಲ್ಲಿ ರಾಜಿಯಲ್ಲಿ ಮುಗಿದಾಗ, ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ಸೆಷನ್ಸ್ ನ್ಯಾಯಾಧೀಶರ ಮುಂದೆ ನಿಂತ ಯುರೋಪಿಯನ್ ಬ್ರಿಟಿಷ್ ಪ್ರಜೆ, ಕನಿಷ್ಠ ಅರ್ಧದಷ್ಟು ಯುರೋಪಿಯನ್ನರು ಅಥವಾ ಅಮೆರಿಕನ್ನರಿರುವ ಜ್ಯೂರಿಯನ್ನು ಕೇಳುವ ಹಕ್ಕು ಪಡೆದ. ಜ್ಯೂರಿ ಪದ್ಧತಿಯ ಕೊನೆಯ ಕುರುಹುಗಳು 1973ರ ದಂಡ ಪ್ರಕ್ರಿಯಾ ಸಂಹಿತೆಯೊಂದಿಗೆ ಹೋದವು.

ಈಗ ಇದು ನೇರವಾಗಿ ತಟ್ಟುವುದು ಅಮೆರಿಕದ ಪೌರತ್ವ ಪಡೆದು ಅಲ್ಲಿ ನೆಲೆಸಿದ ಕನ್ನಡಿಗರಿಗೆ. ಜ್ಯೂರಿಯಲ್ಲಿ ಕೂರಬಹುದಾದದ್ದು ನಾಗರಿಕರು ಮಾತ್ರ. ಎಚ್-1ಬಿ ವೀಸಾ ಅಥವಾ ಗ್ರೀನ್ ಕಾರ್ಡ್‌ನಲ್ಲಿರುವವರಿಗೆ ಪತ್ರ ಬಂದರೆ ಅದರೊಂದಿಗಿನ ನಮೂನೆಯಲ್ಲಿ ನಾಗರಿಕರಲ್ಲ ಎಂದು ಗುರುತು ಹಾಕಿ ಕಳಿಸಬೇಕು, ಕಸದ ಬುಟ್ಟಿಗೆ ಹಾಕಬಾರದು. ಪೌರರಾದವರು ಪ್ರಶ್ನಾವಳಿಯಲ್ಲಿ ಜನಾಂಗದ ಅಂಕಣವನ್ನು ಖಾಲಿ ಬಿಡದೆ ತುಂಬುವುದು ಒಳ್ಳೆಯದು. ಮುಂದೊಂದು ದಿನ ಯಾರಾದರೂ ಆಕ್ಷೇಪ ಎತ್ತಿದರೆ ಎಣಿಕೆ ಶುರುವಾಗುವುದು ಆ ಅಂಕಣದಿಂದ.